‘ಮಳೆ’ ಕ್ಯಾಸೆಟ್ಟಿನ ಮೂರನೇ ಹಾಡು

ಚಿಕ್ಕಪ್ಪನ ಕ್ಯಾಸೆಟ್ಟುಗಳ ಮೇಲೆ ಹಾಡಿನ ಹೆಸರು ಇರುತ್ತಿರಲಿಲ್ಲ. ಯಾವಾಗ ಕೇಳಬೇಕು ಅನ್ನುವುದು ಇರುತ್ತಿತ್ತು. ಒಂದರ ಮೇಲೆ ‘ಬೆಳಿಗ್ಗೆ’. ಇನ್ನೊಂದರ ಮೇಲೆ ‘ಊಟ ಆದಮೇಲೆ’. ಮತ್ತೊಂದರ ಮೇಲೆ ನೀಲಿ ಇಂಕಿನಲ್ಲಿ ಒಂದೇ ಪದ, ‘ಮಳೆ’.

ಆ ‘ಮಳೆ’ ಕ್ಯಾಸೆಟ್ಟಿನ ಮೊದಲ ಬದಿಯ ಮೂರನೇ ಹಾಡು ಯಾವುದು ಅಂತ ನನಗೆ ಮೂವತ್ತೈದು ವರ್ಷ ಗೊತ್ತಿರಲಿಲ್ಲ. ಹಾಡು ಅಂತೀನಿ, ಆದರೆ ಅದರಲ್ಲಿ ಮಾತಿಲ್ಲ. ಮೊದಲು ತುತ್ತೂರಿಯಂಥ ಒಂದು ವಾದ್ಯ, ಜೊತೆಗೆ ಗಿಟಾರ್. ಎರಡೂ ಏನೂ ಅವಸರ ಇಲ್ಲದ ಹಾಗೆ ಶುರುವಾಗುತ್ತವೆ. ಆಮೇಲೆ ಡ್ರಮ್ಸ್ ಸೇರಿಕೊಂಡು ಇಡೀ ಹಾಡು ನಡೆಯತೊಡಗುತ್ತದೆ. ನಿಟ್ಟುವಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕರೆಂಟ್ ಹೋದ ಸಂಜೆ, ಬ್ಯಾಟರಿ ಹಾಕಿ ಚಿಕ್ಕಪ್ಪ ಅದನ್ನು ಹಚ್ಚುತ್ತಿದ್ದರು. ಹೊರಗೆ ಮಳೆ ಬಂದರೆ ಕಿಟಕಿ ಮುಚ್ಚಲು ಬಿಡುತ್ತಿರಲಿಲ್ಲ.

ಚಿಕ್ಕಪ್ಪ ಅರಳೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ದಾವಣಗೆರೆ ಆಗ ಹತ್ತಿಯ ಊರು. ವ್ಯಾಪಾರದ ಕೆಲಸಕ್ಕೆ ಅವರನ್ನು ಆಗಾಗ ಮುಂಬೈಗೆ ಕಳಿಸುತ್ತಿದ್ದರು. ಕಾಲಾ ಘೋಡಾದ ರಿದಮ್ ಹೌಸ್ ಅನ್ನುವ ಅಂಗಡಿಗೆ ಅವರು ಹೋಗದೆ ಬಂದದ್ದೇ ಇಲ್ಲ. ಆ ಅಂಗಡಿ 2016ರಲ್ಲಿ ಮುಚ್ಚಿತು. ಕೊಳ್ಳುವಷ್ಟು ದುಡ್ಡಿಲ್ಲದಾಗ ಖಾಲಿ ಕ್ಯಾಸೆಟ್ ಕೊಟ್ಟು ರೆಕಾರ್ಡಿಂಗ್ ಸೆಂಟರಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ‘ಮಳೆ’ ಹಾಗೆ ಬಂದದ್ದು.

ಮಂಡಿಯ ಗುಮಾಸ್ತರಿಗೆ ಅಮೆರಿಕದ ಜಾಜ್ ಸಂಗೀತ ಹೇಗೆ ಹಿಡಿಸಿತು ಅಂತ ಯಾರಾದರೂ ಕೇಳಬಹುದು. ಶಾರ್ಟ್‌ವೇವ್ ರೇಡಿಯೊ. ಅಮೆರಿಕ ಸರ್ಕಾರದ ಬಾನುಲಿ ವಾಯ್ಸ್ ಆಫ್ ಅಮೆರಿಕಾದಲ್ಲಿ 1955ರಿಂದ ವಿಲ್ಲಿಸ್ ಕೊನೋವರ್ ಅನ್ನುವವರು ರಾತ್ರಿ ಜಾಜ್ ಕೇಳಿಸುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲಿ ಅಂತ ಒಂದೊಂದೇ ಪದ ಬಿಡಿಸಿ, ನಿಧಾನವಾಗಿ ಮಾತಾಡುತ್ತಿದ್ದರು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಚಿಕ್ಕಪ್ಪನಿಗೆ ಅದು ಸಾಕಾಯಿತು. ಆದರೆ ಅವರ ಮನಸ್ಸು ನಿಂತದ್ದು ಮೆದುವಾದ ಜಾಜ್ ಮೇಲೆ. ಈಗ ಸ್ಮೂತ್ ಜಾಜ್ ಅಂತ ಕರೆಯುವುದು ಅದನ್ನೇ.

ಹೋಟೆಲಿನ ಲಾಬಿ, ಲಿಫ್ಟ್, ಫೋನಿನಲ್ಲಿ ‘ದಯವಿಟ್ಟು ಕಾಯಿರಿ’ ಅಂದಾಗ ಬರುವ ಸಂಗೀತ ಅಂತ ಇದನ್ನು ಹಗುರವಾಗಿ ಮಾತಾಡುವವರು ಜಾಸ್ತಿ. ನನಗೆ ಅದು ಕೇಳಲು ಕಷ್ಟವಾಗುತ್ತದೆ. ಗಿಟಾರ್ ನುಡಿಸುವ ಜಾರ್ಜ್ ಬೆನ್ಸನ್ ಅವರ 1976ರ ಆಲ್ಬಮ್ ‘ಬ್ರೀಜಿನ್’ ಕೇಳಿ. ಸ್ಯಾಕ್ಸೊಫೋನಿನ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ 1980ರ ‘ವೈನ್‌ಲೈಟ್’ ಕೇಳಿ. ಅದರಲ್ಲಿ ಡ್ರಮ್ಸಿಗೆ ಸ್ಟೀವ್ ಗ್ಯಾಡ್, ಬೇಸ್ ಗಿಟಾರಿಗೆ ಮಾರ್ಕಸ್ ಮಿಲ್ಲರ್, ಎಲೆಕ್ಟ್ರಿಕ್ ಪಿಯಾನೊಗೆ ರಿಚರ್ಡ್ ಟೀ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುತ್ತಿರುವಂತೆ ನುಡಿಸುತ್ತಾರೆ. ಒಬ್ಬರು ಮುಂದೆ ಬಂದರೆ ಉಳಿದವರು ಜಾಗ ಬಿಡುತ್ತಾರೆ. ಎಂಬತ್ತರ ದಶಕದ ಕೊನೆಗೆ ಡ್ರಮ್ ಮೆಷಿನ್ನು, ಕಂಪ್ಯೂಟರಿನ ತಾಳ ಬಂದಮೇಲೆ ಆ ಜಾಗ ಬಿಡುವುದು ಕಮ್ಮಿಯಾಯಿತು ಅಂತ ನನ್ನ ಅನಿಸಿಕೆ. ಹಳೆಯದನ್ನೇ ನಾನು ಹುಡುಕುವುದು ಅದಕ್ಕೇ.

‘ಊಟ ಆದಮೇಲೆ’ ಕ್ಯಾಸೆಟ್ಟಿನಲ್ಲಿದ್ದದ್ದು ಈ ‘ವೈನ್‌ಲೈಟ್’ ಅಂತ ಇಂಟರ್ನೆಟ್ ಬಂದ ಹೊಸತರಲ್ಲೇ ಗೊತ್ತಾಗಿತ್ತು. ಅದರಲ್ಲಿ ಬಿಲ್ ವಿದರ್ಸ್ ಹಾಡಿದ ಒಂದು ಹಾಡಿದೆ. ಎರಡು ಪದ ಟೈಪ್ ಮಾಡಿದರೆ ಸಾಕು, ಸಿಕ್ಕಿಬಿಡುತ್ತದೆ. ಮಾತಿಲ್ಲದ ಹಾಡನ್ನು ಏನಂತ ಟೈಪ್ ಮಾಡುವುದು? ಗುನುಗಿದರೆ ಹಾಡಿನ ಹೆಸರು ಹೇಳುವ ಸೌಲಭ್ಯ 2020ರಲ್ಲಿ ಗೂಗಲ್‌ನಲ್ಲಿ ಬಂತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎಷ್ಟೋ ಸಲ ಗುನುಗಿದೆ. ಬೇರೇನೇನೋ ತೋರಿಸಿತು.

2025ರ ಆಷಾಢದಲ್ಲಿ ಚಿಕ್ಕಮ್ಮ ಮನೆಗೆ ಬಣ್ಣ ಹೊಡೆಸಲು ಸಾಮಾನು ತೆಗೆಸಿದರು. ಅಟ್ಟದ ಮೇಲಿಂದ ಟೇಪ್ ರೆಕಾರ್ಡರ್ ಇಳಿಯಿತು, ಜೊತೆಗೆ ಒಂದು ಬಿಸ್ಕೆಟ್ ಡಬ್ಬಿಯ ತುಂಬ ಕ್ಯಾಸೆಟ್. ಚಿಕ್ಕಪ್ಪ ಹೋಗಿ ಆರು ವರ್ಷ. "ನೀನಾದ್ರೂ ಒಯ್ಯಪ್ಪ, ಇಲ್ಲಿದ್ರೆ ಗುಜರಿಗೇ ಹೋಗ್ತತಿ" ಅಂದರು ಚಿಕ್ಕಮ್ಮ.

ಮನೆಗೆ ತಂದು ಹಚ್ಚಿದೆ. ತಿರುಗಿತು, ಆದರೆ ಸುಸ್ತಾದವರು ನಡೆದ ಹಾಗೆ. ಸ್ವರವೆಲ್ಲ ಕೆಳಗಿಳಿದಿತ್ತು. ಮೂರನೇ ಹಾಡು ಬಂದಾಗ ಹಾಡು ಗುರುತಿಸುವ ಆ್ಯಪ್ ತೆರೆದು ಫೋನನ್ನು ಸ್ಪೀಕರಿನ ಎದುರು ಹಿಡಿದೆ. ಒಂದು ಸಲ, ಎರಡು ಸಲ, ಐದು ಸಲ. ಸಿಗಲಿಲ್ಲ.

ಗಡಿಯಾರ ಕಂಬದ ಹತ್ತಿರದ ಗಲ್ಲಿಯಲ್ಲಿ ರೇಡಿಯೊ ರಿಪೇರಿಯ ಒಂದು ಹಳೇ ಅಂಗಡಿ ಇದೆ. ಈಗ ಅಲ್ಲಿಗೆ ಬರುವುದು ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ. ಶನಿವಾರ ಮಧ್ಯಾಹ್ನ ಹೋದೆ. ಜಿಟಿಜಿಟಿ ಮಳೆ, ಆಷಾಢದ ಗಾಳಿ. ಒಳಗೆ ಅಂಗಡಿಯವರ ಜೊತೆ ಇನ್ನೊಬ್ಬ ಹಿರಿಯರು ಚಹಾ ಕುಡಿಯುತ್ತ ಕೂತಿದ್ದರು. ಕಾಲ ಬಳಿ ಕಪ್ಪು ಪೆಟ್ಟಿಗೆ. ಬ್ಯಾಂಡ್ ಸೆಟ್ಟಿನಲ್ಲಿ ಸ್ಯಾಕ್ಸೊಫೋನ್ ನುಡಿಸುವವರಂತೆ. ಆಷಾಢದಲ್ಲಿ ಮದುವೆ ಇಲ್ಲ, ಮೆರವಣಿಗೆ ಇಲ್ಲ. ಹಾಗಾಗಿ ಒಂದು ತಿಂಗಳು ಅವರಿಗೆ ಈ ಅಂಗಡಿಯೇ ಕಟ್ಟೆ.

"ಕುಂದ್ರಿ ಸರ್" ಅಂತ ಅಂಗಡಿಯವರು ಸ್ಟೂಲು ಸರಿಸಿದರು. ಟೇಪ್ ರೆಕಾರ್ಡರ್ ಬಿಚ್ಚಿದರು. ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಪುಲ್ಲಿಗೆ ಅಂಟಿಕೊಂಡಿತ್ತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಅದನ್ನೆಲ್ಲ ಒರೆಸಿದರು. ಟೇಪು ತಾಗುವ ಹೆಡ್ಡನ್ನೂ ಒರೆಸಿದರು. ಡ್ರಾಯರಿನಿಂದ ಬೆಲ್ಟುಗಳ ಒಂದು ಗೊಂಚಲು ತೆಗೆದು, ಒಂದೊಂದನ್ನೂ ಎಳೆದು ನೋಡಿ, ನಾಲ್ಕನೆಯದನ್ನು ಹಾಕಿದರು. ‘ಮಳೆ’ ಕ್ಯಾಸೆಟ್ಟನ್ನೂ ಕೈಗೆ ತೆಗೆದುಕೊಂಡರು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಬಟ್ಟೆಯ ಪ್ಯಾಡು ಉದುರಿತ್ತು. ಬೇರೊಂದು ಕ್ಯಾಸೆಟ್ಟಿನಿಂದ ಕಿತ್ತು ಅಂಟಿಸಿದರು. ಇದೆಲ್ಲ ಮಾತಿಲ್ಲದೆ ನಡೆಯಿತು. ಇಷ್ಟು ಪ್ರೀತಿಯಿಂದ ಒಂದು ಯಂತ್ರವನ್ನು ಮುಟ್ಟುವುದನ್ನು ನಾನು ನೋಡಿ ಬಹಳ ದಿನವಾಗಿತ್ತು.

ಹಚ್ಚಿದಾಗ ಹಾಡು ಮೊದಲಿಗಿಂತ ಚುರುಕಾಗಿತ್ತು. ಆ್ಯಪ್ ಆಗಲೂ ಸುಮ್ಮನಿತ್ತು.

ಆಗ ಬ್ಯಾಂಡಿನ ಹಿರಿಯರು ಚಹಾ ಲೋಟ ಕೆಳಗಿಟ್ಟರು. "ಸ್ವರ ಕುಂತಿಲ್ಲ ನೋಡ್ರಿ. ಎರಡು ಸ್ವರದ ನಡುವೆ ನಿಂತೈತೆ" ಅಂದರು.

ಪೆಟ್ಟಿಗೆ ತೆರೆದರು. ಮುಚ್ಚಳದ ಒಳಗೆ ಕದ್ರಿ ಗೋಪಾಲನಾಥರ ಚಿತ್ರ, ಯಾವುದೋ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯದಲ್ಲಿ ನಮ್ಮ ಗಮಕ ತೆಗೆದವರು ಅವರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿ ಬಂದವರು. "ಇವ್ರು ಗುರುಗಳು. ಕಲಿಸಿಲ್ಲ, ಆದ್ರೂ ಗುರುಗಳು" ಅಂದರು ಹಿರಿಯರು. ಊದುವ ಕಡೆ ಇರುವ ತೆಳು ಪಟ್ಟಿ, ರೀಡನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡು, ಮೆಲ್ಲಗೆ ಒಂದು ಸ್ವರ ಹಿಡಿದರು.

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಕಮ್ಮಿಯಾದರೆ ಸ್ವರ ಇಳಿಯುತ್ತದೆ, ಜಾಸ್ತಿಯಾದರೆ ಏರುತ್ತದೆ. ಮೋಟರಿನ ಹಿಂದಿನ ಸಣ್ಣ ತೂತಿನೊಳಗೆ ಅದಕ್ಕೊಂದು ತಿರುಪು ಇದೆ. ಅಂಗಡಿಯವರು ಸ್ಕ್ರೂಡ್ರೈವರ್ ಅಲ್ಲಿಟ್ಟು ಕಾದರು.

"ಏರ್ಸು... ಇನ್ನೂ ಸ್ವಲ್ಪ... ಜಾಸ್ತಿ ಆತು, ಇಳ್ಸು... ತಡಿ, ತಡಿ. ಇಲ್ಲೇ ಬಿಡು."

ಸ್ಯಾಕ್ಸೊಫೋನಿನ ಸ್ವರ, ಕ್ಯಾಸೆಟ್ಟಿನ ಸ್ವರ ಎರಡೂ ಒಂದಾದವು. ಅದು ನನಗೇ ಗೊತ್ತಾಯಿತು. ಅಲ್ಲಿವರೆಗೆ ಎರಡರ ನಡುವೆ ಅಲೆ ಅಲೆಯಾಗಿ ಒಂದು ನಡುಕ ಇತ್ತು. ಅದು ನಿಂತಿತು. ಪಡಸಾಲೆಯಲ್ಲಿ ಕೇಳಿದ್ದ ಹಾಡು ಹಾಗೇ ಎದ್ದು ಬಂತು. ಫೋನು ಎತ್ತಿದೆ. ಕೈ ನಡುಗುತ್ತಿತ್ತು. ನಾಲ್ಕೈದು ಸೆಕೆಂಡಿನಲ್ಲಿ ಪರದೆಯ ಮೇಲೆ ಹೆಸರು ಬಂತು. ಚಕ್ ಮ್ಯಾಂಜೋನಿ. ‘ಫೀಲ್ಸ್ ಸೋ ಗುಡ್’. 1977.

ನನ್ನ ಕಣ್ಣು ತುಂಬಿಕೊಂಡಿತು. ಇಬ್ಬರೂ ನೋಡಿದರು, ಏನೂ ಕೇಳಲಿಲ್ಲ. ಅಂಗಡಿಯವರು ಇನ್ನೊಂದು ಚಹಾ ಹೇಳಿದರು. ಮಂಡಕ್ಕಿ, ಮೆಣಸಿನಕಾಯಿಯೂ ಬಂತು.

ಸರಿಯಾಗಿ ಓದಿದೆವು. ಅದು ತುತ್ತೂರಿಯೂ ಅಲ್ಲ, ಟ್ರಂಪೆಟ್ಟೂ ಅಲ್ಲ. ಫ್ಲೂಗಲ್‌ಹಾರ್ನ್. ಹಿರಿಯರಿಗೆ ವಾದ್ಯದ ಹೆಸರು ಹೊಸದು, ಆದರೆ ಫೋಟೋ ನೋಡಿದ ತಕ್ಷಣ ವಿಷಯ ಹಿಡಿದರು. ಟ್ರಂಪೆಟ್ಟಿನ ನಳಿಕೆ ಬಹಳ ದೂರದವರೆಗೆ ಒಂದೇ ಗಾತ್ರ. ಇದರದ್ದು ಅಗಲವಾಗುತ್ತಲೇ ಹೋಗುತ್ತದೆ. ಬಾಯಿಯೂ ದೊಡ್ಡದು. "ಅದಕ್ಕೇ ಚುಚ್ಚಂಗಿಲ್ಲ ನೋಡ್ರಿ. ಮಗೀಗೆ ಮಾತಾಡ್ಸಿದಂಗೈತೆ" ಅಂದರು.

ಆ ರಾತ್ರಿ ಫೋನಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ್ದು ಮೂರೂವರೆ ನಿಮಿಷದ್ದು. ಚಿಕ್ಕಪ್ಪನ ಕ್ಯಾಸೆಟ್ಟಿನಲ್ಲಿ ಇದ್ದದ್ದು ಒಂಬತ್ತು ನಿಮಿಷಕ್ಕೂ ಜಾಸ್ತಿ. ರೇಡಿಯೊದವರಿಗೆ ಅಷ್ಟುದ್ದ ಆಗುವುದಿಲ್ಲ ಅಂತ ಕತ್ತರಿಸಿದ್ದಂತೆ. ಕತ್ತರಿಸಿದ್ದೇ 1978ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಗಿತ್ತು. ಆದರೆ ಕೇಳುವುದಾದರೆ ದಯವಿಟ್ಟು ಆಲ್ಬಮ್ಮಿನಲ್ಲಿರುವ ಪೂರ್ತಿ ಹಾಡನ್ನೇ ಕೇಳಿ. ಗ್ರಾಂಟ್ ಗೈಸ್‌ಮನ್ ಅವರ ಗಿಟಾರ್ ತನ್ನ ಸರದಿ ಬಂದಾಗ ಎಷ್ಟು ಸಂತೋಷದಿಂದ ಓಡುತ್ತದೆ ಅಂತ ಗೊತ್ತಾಗುವುದು ಅಲ್ಲೇ.

ಹಳೆಯದು ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ: ‘ಬೆಸ್ಟ್ ಆಫ್ ಸ್ಮೂತ್ ಜಾಜ್’ ಅಂತ ಯಾರೋ ಮಾಡಿಟ್ಟ ಪಟ್ಟಿಗಳನ್ನು ಬಿಡಿ, ಆಲ್ಬಮ್ ಹುಡುಕಿ. ಪಿಯಾನೊದ ಬಾಬ್ ಜೇಮ್ಸ್, ಗಿಟಾರಿನ ಅರ್ಲ್ ಕ್ಲೂ ಸೇರಿ ಮಾಡಿದ 1979ರ ‘ಒನ್ ಆನ್ ಒನ್’ ಇದೆ. ಅದೇ ವರ್ಷದ, ಸ್ಪೈರೊ ಗೈರಾ ಅನ್ನುವ ತಂಡದ ‘ಮಾರ್ನಿಂಗ್ ಡಾನ್ಸ್’ ಇದೆ. ಬರೀ ಸ್ಮೂತ್ ಜಾಜಿಗಾಗಿಯೇ ಇದ್ದ ರೇಡಿಯೊ ಕೇಂದ್ರಗಳು ಅಮೆರಿಕದಲ್ಲೇ ಕಮ್ಮಿಯಾದವು. ಲಾಸ್ ಏಂಜಲೀಸ್‌ನಲ್ಲೂ ಶಿಕಾಗೋದಲ್ಲೂ 1987ರಲ್ಲಿ ಶುರುವಾಗಿದ್ದವು. ಶಿಕಾಗೋದ್ದು 2009ರಲ್ಲಿ ಬೇರೆ ಸಂಗೀತಕ್ಕೆ ತಿರುಗಿತು. ಜಾಜ್ ಅಂತ ಬೇಕಾದರೆ ಸ್ವಿಟ್ಜರ್ಲೆಂಡಿನ ರೇಡಿಯೊ ಸ್ವಿಸ್ ಜಾಜ್ ಫೋನಿನಲ್ಲೇ ಸಿಗುತ್ತದೆ, ಜಾಹೀರಾತು ಇಲ್ಲ. ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ನಾವು ಅದನ್ನು ಹಚ್ಚುತ್ತೇವೆ. ಇಯರ್‌ಫೋನಿನಲ್ಲಿ ಅಲ್ಲ, ಹೊರಗೆ. ಗೋಡೆಗೆ ತಾಗಿ ವಾಪಸ್ ಬಂದಾಗಲೇ ಈ ಸಂಗೀತಕ್ಕೆ ಮೈ ಬರುವುದು.

ಭೀಮನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಫೋನಿನಲ್ಲಿ ಸುದ್ದಿ ನೋಡಿದೆ. ಚಕ್ ಮ್ಯಾಂಜೋನಿ ಜುಲೈ 22ರಂದು ತಮ್ಮ ಊರು ರಾಚೆಸ್ಟರಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡಿದ್ದರು. 84 ವರ್ಷ. ಮೂವತ್ತೈದು ವರ್ಷ ಹೆಸರು ಗೊತ್ತಿಲ್ಲದೆ ಪ್ರೀತಿಸಿದ ಮನುಷ್ಯ. ಹೆಸರು ಗೊತ್ತಾಗಿ ಎರಡು ವಾರವೂ ಆಗಿರಲಿಲ್ಲ.

ಮಧ್ಯಾಹ್ನ ಗಡಿಯಾರ ಕಂಬಕ್ಕೆ ಹೋದೆ. ಶ್ರಾವಣ ಹುಟ್ಟಿತ್ತು. ಹಿರಿಯರು ಪೆಟ್ಟಿಗೆ ಹಿಡಿದು ಹೊರಡುವುದರಲ್ಲಿದ್ದರು. ಬ್ಯಾಂಡಿನವರ ಜೊತೆ ತಾಲೀಮಿತ್ತಂತೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಕೂತು ಪೆಟ್ಟಿಗೆ ತೆರೆದರು. ಅಂಗಡಿಯವರು ರಸ್ತೆಯ ಸದ್ದು ಬಾರದಿರಲಿ ಅಂತ ಶಟರ್ ಅರ್ಧ ಇಳಿಸಿದರು.

ಆ ಮೊದಲ ನಿಧಾನದ ಭಾಗ, ಅಷ್ಟನ್ನೇ ನುಡಿಸಿದರು. ಯಾವಾಗ ಕಲಿತರೋ. ಒಂದೆರಡು ಕಡೆ ಸ್ವರವನ್ನು ನೇರ ಬಿಡದೆ ನಮ್ಮ ಕಡೆಯ ಹಾಗೆ ಎಳೆದು ಇಳಿಸಿದರು. ಚಿಕ್ಕಪ್ಪ ಇದ್ದಿದ್ದರೆ ಅಲ್ಲಿ ‘ಹಾಂ’ ಅನ್ನುತ್ತಿದ್ದರು.

ಮುಗಿಸಿ ರೀಡ್ ಒರೆಸುತ್ತಿದ್ದಾಗ ಹೊರಗಿಂದ ಯಾರೋ ಶಟರ್ ಬಡಿದರು. "ಅಣ್ಣಾರ, ಮಿಕ್ಸಿ ಆತೇನ್ರಿ?"

ಅಂಗಡಿಯವರು ಎದ್ದು ಶಟರ್ ಎತ್ತಿದರು.