ಗೊಬ್ಬರದ ಗಿಡದ ಹೂವಿಗೆ ಹೆಸರು ಬೇಡ್ವಾ?

ಮಾರ್ಚಲ್ಲಿ ಎರಡು ದಿನ ರಜೆ ಸಿಕ್ತು ಅಂತ ಕೊಡಗಿನ ಸುಂಟಿಕೊಪ್ಪದ ಹತ್ರ ಇರೋ ನಮ್ಮನೆಗೆ ಹೋಗಿದ್ದೆ. ಕಾಫಿ ಹೂ ಅರಳಿಸೋ ಹೂಮಳೆ ಬಿದ್ದು ವಾರ ಆಗಿತ್ತು, ರೋಬಸ್ಟಾ ಕಾಫಿ ತೋಟ ಪೂರ್ತಿ ಬೆಳ್ಳಗೆ, ಮನೆ ಒಳಗೂ ಮಲ್ಲಿಗೆ ಥರದ ಅದೇ ವಾಸನೆ, ಬಂದೋರೆಲ್ಲ ಫೋಟೋ ತೆಗಿಯೋದೂ ಅದನ್ನೇ. ಆದ್ರೆ ಅಣ್ಣನ ಮಗಳು, ಆರು ವರ್ಷ ಅವಳಿಗೆ, ಕಾಫಿ ಹೂ ಬಿಟ್ಟು ಬೇಲಿ ಹತ್ರ ಹೋಗಿ ನಿಂತು "ಅತ್ತೆ, ಇದ್ಯಾವ ಹೂ?" ಅಂದ್ಳು.

ಒಂದೆಲೆ ಇಲ್ಲದ ಬೋಳು ಕೊಂಬೆ, ಮೈ ತುಂಬಾ ತಿಳಿ ಗುಲಾಬಿ ಹೂ. ಒಂದು ಕಿತ್ತು ನೋಡಿದೆ, ಅವರೆ ಹೂವಿನದೇ ಆಕಾರ, ಮೇಲಿನ ಅಗಲ ಎಸಳಿನ ಬುಡದಲ್ಲಿ ಅರಿಶಿನದ ಬೆರಳು ಒತ್ತಿದ ಹಾಗೆ ಹಳದಿ ಗುರುತು. ದಿನಾ ಇದೇ ಬೇಲಿ ಪಕ್ಕದಲ್ಲೇ ಸ್ಕೂಲಿಗೆ ಹೋದವಳು ನಾನು, ಇಷ್ಟು ಹತ್ರದಿಂದ ನೋಡಿದ್ದು ಅವತ್ತೇ.

ಅಮ್ಮ ಅಂದ್ರು, "ಅದು ಹೂವಿನ ಗಿಡ ಅಲ್ಲ ಮಗಾ, ಗೊಬ್ಬರದ ಗಿಡ." ಸೊಪ್ಪು ಕಡಿದು ಕಾಫಿ ಗಿಡದ ಬುಡಕ್ಕೆ ಹಾಕ್ತಾರೆ, ಬೇರು ಗಾಳಿಯ ಸಾರಜನಕನ ಮಣ್ಣಿಗೆ ಸೇರಿಸುತ್ತೆ, ಹೆಸರು ಸರಿಯಾಗೇ ಇದೆ. ಇವಳು ಬಿಡ್ಲಿಲ್ಲ. "ಹೂ ಬಿಟ್ಟಿದೆಯಲ್ಲ ಅಜ್ಜಿ, ಹೂವಿಗೆ ಹೆಸರು ಬೇಡ್ವಾ?"

ಮೆಣಸು ಕುಯ್ಯೋಕೆ ಬಂದಿದ್ದ ಕೇರಳದ ಚೇಚಿ "ನಮ್ಮಲ್ಲಿ ಶೀಮಕ್ಕೊನ್ನ" ಅಂದ್ರು. ಕೊನ್ನ ಅಂದ್ರೆ ನಮ್ಮ ಕಕ್ಕೆ, ವಿಷು ದಿನ ಕಣಿಗೆ ಇಡೋ ಹಳದಿ ಹೂ. ಶೀಮ ಅನ್ನೋದು ಸೀಮೆಎಣ್ಣೆಯ ಸೀಮೆನೇ. ಹೊರಗಿಂದ ಬಂದ ಕಕ್ಕೆ ಅಂತ.

ರಾತ್ರಿ ಕೂತು ಹುಡುಕಿದೆ. ಈ ಗಿಡಕ್ಕೆ ಪುಸ್ತಕದಲ್ಲಿರೋ ಹೆಸರು ಗ್ಲಿರಿಸಿಡಿಯಾ, ಅದು ಲ್ಯಾಟಿನ್, ಗ್ಲಿಸ್ ಅಂದ್ರೆ ಇಲಿ ಜಾತಿಯ ಒಂದು ಪ್ರಾಣಿ, ಕೇಡೆರೆ ಅಂದ್ರೆ ಕೊಲ್ಲೋದು. ಇಷ್ಟು ಮೆತ್ತಗಿನ ಹೂವಿಗೆ ಇಲಿ ಕೊಲ್ಲೋದು ಅಂತ ಹೆಸರು! ಓದಿ ನಿಜವಾಗ್ಲೂ ಬೇಜಾರಾಯ್ತು. ಇದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ. ಅಲ್ಲಿ ಎಲೆ, ತೊಗಟೆ ಅರೆದು ಜೋಳದ ಜೊತೆ ಸೇರಿಸಿ ಇಲಿಗೆ ಇಡ್ತಿದ್ರಂತೆ, ಹುಳಿ ಬಂದಾಗ ಅದರಲ್ಲಿರೋ ಕೂಮರಿನ್ ಅನ್ನೋ ಅಂಶ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ವಿಷ ಆಗುತ್ತೆ. ಅದೇ ಊರುಗಳಲ್ಲಿ ಇದೇ ಮರಕ್ಕೆ ಮಾದ್ರೆ ದೆ ಕಾಕಾವ್, ಅಂದ್ರೆ ಕೋಕೋದ ತಾಯಿ ಅಂತಲೂ ಕರೀತಾರೆ, ಕೋಕೋ ಗಿಡಕ್ಕೆ ನೆರಳು ಕೊಡೋದಕ್ಕೆ. ವೈಜ್ಞಾನಿಕ ಹೆಸರಿನ ಎರಡನೇ ಪದ ಸೇಪಿಯಂ, 1760ರಲ್ಲಿ ಜಾಕ್ವಿನ್ ಅನ್ನೋ ಸಸ್ಯವಿಜ್ಞಾನಿ ಇಟ್ಟಿದ್ದು, ಅರ್ಥ 'ಬೇಲಿಯದು'. ಅಷ್ಟು ದೂರದಿಂದ ಬಂದು ನಮ್ಮ ತೋಟದಲ್ಲೂ ಬೇಲಿಯಲ್ಲೇ ನಿಂತಿದೆ ನೋಡಿ.

ಗೊಬ್ಬರ, ಇಲಿ ಪಾಷಾಣ, ನೆರಳು, ಬೇಲಿ, ಎಲ್ಲಾ ಹೆಸರೂ ನಮ್ಮ ಕೆಲಸದ್ದೇ. ಇನ್ನೊಂದು ಹೂವಿನ ಮರದ ಹೆಸರು ಕೊಟ್ಟಿದ್ದು ಚೇಚಿ ಊರಿನವರು ಮಾತ್ರ, ಅದು ನಂಗೆ ತುಂಬಾ ಹಿಡಿಸ್ತು. ಬೆಳಿಗ್ಗೆ ಕಾಫಿ ಕುಡೀತಾ ಎಲ್ಲಾ ಹೆಸರೂ ಹೇಳಿದೆ, ಇವಳು ಆರಿಸ್ಕೊಂಡಿದ್ದು ಮಾತ್ರ ಇಲಿನೇ.

ಮೊನ್ನೆ ಅಮ್ಮ ಫೋನ್ ಮಾಡಿದ್ರು. "ನಿಮ್ಮ ಇಲಿ ಹೂ ಎಲ್ಲಾ ಉದುರ್ತು, ಚಿಗುರು ಬಂದಿದೆ. ಸೊಪ್ಪು ಕಡಿಸ್ಲಾ ಅಂತ ಅವಳನ್ನ ಒಂದು ಮಾತು ಕೇಳು."