ಗೂಡಿಗೆ ನಗದು, ನೂಲಿಗೆ ಉದ್ರಿ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಉದ್ರಿ ನಡೆಯುವುದಿಲ್ಲ. ಗೂಡು ಬಿಚ್ಚಿ ನೂಲು ತೆಗೆಯುವ ನಮ್ಮಂಥ ರೀಲರ್‌ಗಳು ಹರಾಜಿಗೆ ಇಳಿಯಬೇಕಾದರೆ ಮೊದಲೇ ದುಡ್ಡು ಕಟ್ಟಿರಬೇಕು. ಗೂಡಿನ ಲಾಟ್ ನಮ್ಮ ಹೆಸರಿಗೆ ನಿಂತರೆ ಆ ದುಡ್ಡು ರೈತರ ಖಾತೆಗೆ ಹೋಗುತ್ತದೆ. ಇದು ನೂರಕ್ಕೆ ನೂರು ಸರಿ. ಸೊಪ್ಪು ಕೊಯ್ದು, ನಿದ್ದೆಗೆಟ್ಟು ಹುಳ ಸಾಕಿದವರು ಕಾಸಿಗಾಗಿ ರೀಲರ್‌ಗಳ ಮನೆ ಬಾಗಿಲಿಗೆ ಅಲೆಯಬಾರದು.

ತೊಂದರೆ ಇರುವುದು ಅದರ ಮುಂದೆ. ಅದೇ ಗೂಡು ನೂಲಾಗಿ ನಮ್ಮ ಕೈಬಿಟ್ಟ ಮೇಲೆ ಎಲ್ಲವೂ ಉದ್ರಿ.

ನಮ್ಮದು ಹತ್ತು ಬೇಸಿನ್ನಿನ (ಗೂಡು ಬಿಚ್ಚುವ ಬಿಸಿನೀರಿನ ತೊಟ್ಟಿ) ಸಣ್ಣ ಯೂನಿಟ್. ಮಾರುಕಟ್ಟೆ ಕೆಲಸ ನಮ್ಮ ಯಜಮಾನರದು, ಲೆಕ್ಕದ ಪುಸ್ತಕ ನನ್ನದು. ಏಳು ಕೆಜಿ ಗೂಡಿಗೆ ಹೆಚ್ಚುಕಡಿಮೆ ಒಂದು ಕೆಜಿ ನೂಲು ಬರುತ್ತದೆ. ದಿನಕ್ಕೆ 70 ಕೆಜಿ ಗೂಡು ಬಿಚ್ಚುತ್ತೇವೆ, ಗೂಡು ಕೆಜಿಗೆ 600 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ದಿನಕ್ಕೆ 42,000 ರೂಪಾಯಿ ಗೂಡಿಗೇ ಹೋಯಿತು. ತಿಂಗಳಿಗೆ 25 ದಿನ ಕೆಲಸ ಅಂದರೆ 10.5 ಲಕ್ಷ. ನೂಲು ತೆಗೆದುಕೊಂಡವರು ಎರಡು ತಿಂಗಳು ದುಡ್ಡು ಕೊಡದಿದ್ದರೆ 21 ಲಕ್ಷ ಹೊರಗೆ ಸಿಕ್ಕಿಕೊಂಡಿರುತ್ತದೆ. ಕೂಲಿ, ಸೌದೆ, ಕರೆಂಟು ಇದರಲ್ಲಿ ಸೇರಿಲ್ಲ. ಅಷ್ಟು ದುಡ್ಡು ಯಾವ ಸಣ್ಣ ರೀಲರ್ ಹತ್ತಿರ ಇರುತ್ತೆ ಹೇಳಿ? ಬ್ಯಾಂಕಿನ ಸಿಸಿ ಸಾಲ ಮುಗಿದ ಮೇಲೆ ಚೀಟಿ, ಚೀಟಿ ಮುಗಿದ ಮೇಲೆ ಕೈಗಡ, ಆಮೇಲೆ ಒಡವೆ.

ಗೂಡು ಕೊಳ್ಳುವುದನ್ನು ನಿಲ್ಲಿಸಿ ಕಾಯೋಣ ಅಂದರೆ ಅದೂ ಆಗುವುದಿಲ್ಲ. ಬೇಸಿನ್ ನಿಂತರೆ ಕೆಲಸದವರು ಬೇರೆ ಕಡೆ ಹೋಗುತ್ತಾರೆ. ಹೋಗಲೇಬೇಕಲ್ಲ, ಅವರಿಗೂ ಮನೆ ಇದೆ.

ಈ ಕೆಲಸ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಬೇಯಿಸಿದ ಗೂಡು ಬೇಸಿನ್ನಿನ ಬಿಸಿನೀರಿನಲ್ಲಿ ತೇಲುತ್ತಿರುತ್ತದೆ. ಏಳೆಂಟು ಗೂಡಿನ ಎಳೆ ಹುಡುಕಿ ಒಟ್ಟಿಗೆ ಹಿಡಿದರೆ ಒಂದು ನೂಲು. ಒಂದು ಗೂಡು ಬಿಚ್ಚಿ ಮುಗಿಯುತ್ತಿದ್ದಂತೆ ಇನ್ನೊಂದರ ಎಳೆಯನ್ನು ಅಲ್ಲೇ ಕೂಡಿಸಬೇಕು. ಗಮನ ತಪ್ಪಿದರೆ ಅಷ್ಟುದ್ದ ನೂಲು ತೆಳ್ಳಗಾಗುತ್ತದೆ, ರೇಟು ಬೀಳುತ್ತದೆ. ನಮ್ಮಲ್ಲಿ ಈ ಕೆಲಸ ಮಾಡುವವರು ಜಾಸ್ತಿ ಹೆಂಗಸರೇ. ಸಾಯಂಕಾಲ ಅವರ ಕೈ ನೋಡಬೇಕು, ಬೆರಳಿನ ತುದಿ ನೆಂದು ಬಿಳಿಚಿಕೊಂಡು ಚರ್ಮ ಎದ್ದಿರುತ್ತದೆ. ಶನಿವಾರ ಬಟವಾಡೆ. "ಅಕ್ಕಾ, ಈ ವಾರ ಪೂರ್ತಿ ಕೊಡ್ತೀರಲ್ವಾ?" ಅಂತ ಅವರು ಕೇಳುವ ಸ್ಥಿತಿಯೇ ಬರಬಾರದು. ಬಂದಿದೆ. ಆ ದಿನ ನನಗೆ ಊಟ ಸೇರಿಲ್ಲ.

ನೂಲು ಕೊಂಡವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ವ್ಯಾಪಾರಿ ಹುರಿ ಮಾಡುವವರ ಕಡೆ ಕೈ ತೋರಿಸುತ್ತಾರೆ, ಅವರು ನೇಯುವವರ ಕಡೆ, ನೇಯುವವರು ಸೀರೆ ಅಂಗಡಿಯ ಕಡೆ. ಅಂಗಡಿಯವರು ಮದುವೆ ಸೀಸನ್ ಬರಲಿ ಅನ್ನುತ್ತಾರೆ. ಎಲ್ಲೋ ಒಂದು ಊರಿನಲ್ಲಿ ಸೀರೆ ಮಾರಾಟವಾಗುವ ತನಕ ಅದರ ಭಾರ ಹೊತ್ತು ನಿಲ್ಲುವವರು ಈ ಸಾಲಿನಲ್ಲಿ ಕೊನೆಯಲ್ಲಿರುವ ನಾವು. ದೊಡ್ಡವರಿಗೆ ನಾವು ಬಡ್ಡಿ ಕೇಳದ ಬ್ಯಾಂಕು ಆಗಿಬಿಟ್ಟಿದ್ದೇವೆ.

ಕಾನೂನು ಇದೆ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಬಂದ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆನ್‌ಲೈನಿನಲ್ಲಿ ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ನಿಯಮ ಬೇರೆ ಬಂದಿದೆ. ಸೂಕ್ಷ್ಮ, ಸಣ್ಣ ಉದ್ಯಮಗಳ ಬಾಕಿಯನ್ನು ಅವಧಿ ಮೀರಿ ಉಳಿಸಿಕೊಂಡವರು, ಆ ಮೊತ್ತವನ್ನು ನಿಜವಾಗಿ ಕೊಟ್ಟ ವರ್ಷವೇ ಖರ್ಚಿಗೆ ತೋರಿಸಬಹುದು, ಅದಕ್ಕೆ ಮುಂಚೆ ಅಲ್ಲ.

ಓದಲು ಚೆನ್ನಾಗಿದೆ. ಆದರೆ ನಾವು ನೂಲು ಕೊಡುವುದು ಮೂರು ನಾಲ್ಕು ಜನಕ್ಕೆ. ಒಬ್ಬರ ಮೇಲೆ ದೂರು ಕೊಟ್ಟರೆ ಮಾರನೇ ದಿನ ಉಳಿದವರಿಗೂ ಗೊತ್ತಾಗುತ್ತದೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ (ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ನೋಂದಣಿ ಸಂಖ್ಯೆ) ಹಾಕಿದ್ದಕ್ಕೆ ಒಬ್ಬರು, "ಅಮ್ಮಾ, ಈ ನಂಬರ್ ತೆಗೆದು ಕೊಡಿ, ಇಲ್ಲಾಂದ್ರೆ ಬೇರೆಯವರ ಹತ್ತಿರ ತಗೋತೀವಿ" ಅಂದರು. ನಮ್ಮ ರಕ್ಷಣೆಗೆ ಅಂತ ಬಂದ ನಂಬರೇ ವ್ಯಾಪಾರಕ್ಕೆ ಅಡ್ಡ ಬಂತು. ನನಗೆ ಅತಿ ಹೆಚ್ಚು ನೋವಾದ ಮಾತು ಇದು.

ಇದರ ಮೇಲೆ ಹೊರದೇಶದ ನೂಲಿನ ಹೊಡೆತ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 2011ರಲ್ಲಿ 30 ಪರ್ಸೆಂಟಿನಿಂದ ಒಂದೇ ಸಲ 5ಕ್ಕೆ ಇಳಿಸಿದ್ದು ನಮ್ಮ ಕಡೆ ಇನ್ನೂ ಯಾರೂ ಮರೆತಿಲ್ಲ. ಎರಡು ವರ್ಷ ಬಿಟ್ಟು 15ಕ್ಕೆ ಏರಿಸಿದರು. ಆಮೇಲೆ ಇಳಿದು, 2021ರ ಬಜೆಟ್‌ನಲ್ಲಿ ಮತ್ತೆ 10ರಿಂದ 15ಕ್ಕೆ ಬಂತು. ದಿಲ್ಲಿಯಲ್ಲಿ ಬದಲಾಗುವ ಒಂದು ಅಂಕಿಗೆ ಇಲ್ಲಿ ನೂಲಿನ ರೇಟು ಅಲ್ಲಾಡುತ್ತದೆ. ಉದ್ರಿಯಲ್ಲಿ ಕೊಟ್ಟ ನೂಲಿಗೆ "ಈಗ ರೇಟು ಕಮ್ಮಿ ಆಗಿದೆಯಲ್ಲಾ" ಅಂತ ಮುರಿದುಕೊಳ್ಳುವವರೂ ಇದ್ದಾರೆ.

ದೇಶದ ಜಿಡಿಪಿಯಲ್ಲಿ ಸುಮಾರು 30 ಪರ್ಸೆಂಟ್ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳದ್ದು, ರಫ್ತಿನಲ್ಲಿ ಸುಮಾರು 45 ಪರ್ಸೆಂಟ್ ಅಂತ ಸರ್ಕಾರವೇ ಹೇಳುತ್ತದೆ. ಕೇಳಿದರೆ ಹೆಮ್ಮೆಯಾಗುತ್ತದೆ. ಆ 30ರಲ್ಲಿ ಎಷ್ಟು ಭಾಗ ಇನ್ನೂ ಯಾರದೋ ಉದ್ರಿ ಪುಸ್ತಕದಲ್ಲಿ ಕೂತಿದೆ ಅನ್ನುವುದೂ ಲೆಕ್ಕಕ್ಕೆ ಬರಬೇಕಲ್ವಾ?

ಸಬ್ಸಿಡಿಯಲ್ಲಿ ಹೊಸ ಮಿಷನ್ ಸಿಗುವುದು ಒಳ್ಳೆಯದೇ. ಆದರೆ ಮಿಷನ್ ಓಡಲು ದಿನಾ ಗೂಡು ಬೇಕು, ಗೂಡಿಗೆ ದಿನಾ ನಗದು ಬೇಕು. ನನ್ನನ್ನು ಕೇಳಿದರೆ, ನೂಲನ್ನೇ ಅಡ ಇಟ್ಟುಕೊಂಡು ಅದೇ ದಿನ ಮುಕ್ಕಾಲು ಪಾಲು ದುಡ್ಡು ಕೊಡುವ ವ್ಯವಸ್ಥೆ ಊರಲ್ಲೇ ಇರಬೇಕು, ಎಷ್ಟೇ ಸಣ್ಣ ರೀಲರ್‌ಗೂ ಸುಲಭವಾಗಿ ಸಿಗಬೇಕು. ಎರಡನೆಯದು ನಮ್ಮ ಕೈಯಲ್ಲೇ ಇದೆ. ಬಿಲ್ಲಿನ ಮೇಲೆ ದುಡ್ಡು ಕೊಡಬೇಕಾದ ಕೊನೇ ತಾರೀಖನ್ನು ನಾನೊಬ್ಬಳೇ ಬರೆದರೆ ನೂಲು ಕೊಳ್ಳುವವರು ಬೇರೆ ಮನೆಗೆ ಹೋಗುತ್ತಾರೆ. ನಮ್ಮ ಬೀದಿಯ ಎಲ್ಲ ಯೂನಿಟ್ಟಿನವರೂ ಬರೆದರೆ ಎಲ್ಲಿಗೆ ಹೋಗುತ್ತಾರೆ? ಅಕ್ಕಪಕ್ಕದ ಮನೆಗಳಲ್ಲಿ ಈ ಮಾತು ಎತ್ತಿದ್ದೇನೆ. ಇಬ್ಬರು ಆಗಲಿ ಅಂದಿದ್ದಾರೆ. ಉಳಿದವರು ಮದುವೆ ಸೀಸನ್ ಕಳೆಯಲಿ ಅನ್ನುತ್ತಿದ್ದಾರೆ.