ದುರ್ಗದ ಕೋಟೆ ಕೆಳಗೆ ನದಿ!

ಕ್ರೈಂ ಸೀರಿಯಲ್‌ನವರು ಕೊನೆಗೂ ನಮ್ಮ ಚಿತ್ರದುರ್ಗಕ್ಕೆ ಬಂದರಲ್ಲ ಅಂತ ಖುಷಿಯಿಂದ ಕೂತರೆ, ಕೊಲೆಗಾರ ಕೋಟೆ ಮೇಲಿಂದ ಸೀದಾ ನದಿಗೆ ಹಾರಿಬಿಟ್ಟ! ಯಾವ ನದೀನಪ್ಪಾ? ಕೋಟೆಯೊಳಗೆ ಇರೋದು ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ. ವೇದಾವತಿಗೇ ಹಾರಬೇಕು ಅಂದರೆ ಹಿರಿಯೂರು ಕಡೆಗೆ ಬಸ್ ಹತ್ತಬೇಕು. ತುಂಗಭದ್ರೆ ಇರೋದು ಹರಿಹರದಲ್ಲಿ, ದಾವಣಗೆರೆನೂ ದಾಟಿ.

ಅವನನ್ನು ಹಿಡಿಯೋಕೆ ಬಂದವರು 'ದಾವಣಗೆರೆ ಪೊಲೀಸ್ ಕಮಿಷನರ್' ಅಂತೆ. ಅಲ್ಲಿರೋದು ಎಸ್ಪಿ ಸ್ವಾಮಿ. 1997ರಲ್ಲೇ ಬೇರೆ ಜಿಲ್ಲೆ ಆಯ್ತು, ದುರ್ಗದ ಕೊಲೆಗೆ ಅವರ್ಯಾಕೆ ಓಡಿ ಬರಬೇಕು? ಊರಿನವನದ್ದು ಅಂತ ತೋರಿಸಿದ ಕಾರಿಗೂ ಕೆಎ-17. ನಮ್ಮದು 16.

ಇದೆಲ್ಲ ಹೋಗಲಿ. ಕೈಗೆ ಕೋಳ ಹಾಕುತ್ತಾ 'ಸೆಕ್ಷನ್ 302' ಅಂತ ಗುಡುಗಿದರು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ 103. ಹೊಸದರಲ್ಲಿ 302 ಅಂದರೆ ಧಾರ್ಮಿಕ ಭಾವನೆ ನೋಯಿಸೋ ಮಾತಾಡಿದ್ದಕ್ಕೆ. ಕತೆ ನಡೆಯೋದೋ ಈ ವರ್ಷ!

ಕತೆ ಅಂದಮೇಲೆ ಸುಳ್ಳಿರಲಿ, ಕೊಲೆಗಾರ ಯಾರಂತ ಅವರು ಹೇಳಿದ್ದನ್ನು ನಂಬ್ತೀನಿ. ಆದರೆ ಊರೇ ಸುಳ್ಳಾದರೆ ಹೆಣಾನೂ ಎದ್ದು ಕೂರುತ್ತೇನೋ ಅನ್ನಿಸಿಬಿಡುತ್ತೆ. ಅವ್ವನಿಗೆ ಈ ತಕರಾರು ಯಾವುದೂ ಇಲ್ಲ. ದುರ್ಗದ ಬಿಸಿಲಲ್ಲಿ ಅಷ್ಟು ಮೆಟ್ಟಿಲು ಹತ್ತಿದ ಇನ್‌ಸ್ಪೆಕ್ಟರಮ್ಮನಿಗೆ ಒಂದು ಹನಿ ಬೆವರೂ ಬರಲಿಲ್ಲವಲ್ಲ ಅಂತ ಅವಳ ಸಿಟ್ಟು.

ನಾಳೆ ಎರಡನೇ ಭಾಗವಂತೆ. ಬೈಯೋಕಾದರೂ ನೋಡಬೇಕು.